ಅದೇ ಪರೀಕ್ಷೆ, ಹೊಸ ಅರ್ಜಿ

ನಮ್ಮಕ್ಕ ಟೆಕ್ಸಾಸ್‌ನಲ್ಲಿ ಎನ್‌ಕ್ಲೆಕ್ಸ್ ಬರೆದು ಫೇಲಾದಳು. ಅಷ್ಟರಲ್ಲಿ ಭಾವನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು. ೪೫ ದಿನ ಕಾದು ಮತ್ತೆ ಬರೆದರಾಯಿತು ಅಂದುಕೊಂಡಿದ್ದೆವು. ಎಲ್ಲಿ ಬಂತು! ಪರೀಕ್ಷೆಯೇನೋ ದೇಶಕ್ಕೆಲ್ಲಾ ಒಂದೇ. ೨೦೨೩ರಿಂದ ೮೫ರಿಂದ ೧೫೦ ಪ್ರಶ್ನೆ, ನಮ್ಮ ಉತ್ತರ ನೋಡಿಕೊಂಡು ಮುಂದಿನದನ್ನು ಆರಿಸೋ ಕಂಪ್ಯೂಟರ್ರು. ಆದರೆ ಲೈಸೆನ್ಸ್ ಕೊಡೋದು ಆಯಾ ರಾಜ್ಯದ ನರ್ಸಿಂಗ್ ಬೋರ್ಡ್. ಹಾಗಾಗಿ ಹೊಸ ಅರ್ಜಿ, ಹೊಸ ಶುಲ್ಕ, ಬೆರಳಚ್ಚು, ಊರಿನ ಕಾಲೇಜೇ ನೇರವಾಗಿ ಕಳಿಸಬೇಕಾದ ಅಂಕಪಟ್ಟಿ... ಅದಕ್ಕೆ ಗುಮಾಸ್ತರ ಮೇಜಿನ ಮುಂದೆ ನಿಲ್ಲೋದು ಅಪ್ಪ, ಈ ವಯಸ್ಸಲ್ಲಿ.

ರಾಜ್ಯಕ್ಕೊಂದು ಕಾನೂನು ಇರಲಿ, ತಕರಾರಿಲ್ಲ. ಒಂದು ಬೋರ್ಡ್ ಪರಿಶೀಲಿಸಿದ ಕಾಗದವನ್ನು ಇನ್ನೊಂದು ಯಾಕೆ ನಂಬಬಾರದು? ಪಾಸಾದವರಿಗೆ ರಾಜ್ಯಗಳ ನಡುವೆ ಒಪ್ಪಂದವಾದರೂ ಇದೆ (ಕ್ಯಾಲಿಫೋರ್ನಿಯಾ ಅದರಲ್ಲಿಲ್ಲ, ಬಿಡಿ). ಫೇಲಾದವರ ಬಗ್ಗೆ ಯೋಚಿಸಿದವರು ಕಾಣೆ. ಅಕ್ಕ ಮಾತ್ರ ಫಾರ್ಮಕಾಲಜಿ ಪುಸ್ತಕ ಮತ್ತೆ ತೆಗೆದಿದ್ದಾಳೆ.