ಗೆಳೆಯರ ಕೈಗೆ ಕೊಡುವ ಡಬ್ಬಿಯಲ್ಲಿ ಏನಿದೆ?

ಮಲೆನಾಡಿನ ಹಳ್ಳಿಗಳಲ್ಲಿ ಹೊಸ ಮನೆಯ ಒಳಗೋಡೆಗೆ ಬಣ್ಣ ಹಚ್ಚುವ ಕೆಲಸ ಇಂದಿಗೂ ಹಲವು ಕಡೆ ಗೆಳೆಯರಿಂದಲೇ ನಡೆಯುತ್ತದೆ. ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿರುತ್ತದೆ. ಸೊಸೈಟಿಯ ಸಾಲ ಮರ, ಹೆಂಚು, ಸಿಮೆಂಟುಗಳಿಗೇ ಮುಗಿದಿರುತ್ತದೆ. ಪೇಂಟರಿಗೆ ಕೂಲಿ ಕೊಡುವ ಚೈತನ್ಯ ಮನೆಯೊಡೆಯನಿಗೆ ಇರುವುದಿಲ್ಲ. ಆಗ ಊರಿನ ಹುಡುಗರು, ಕಾಲೇಜಿನ ಸಹಪಾಠಿಗಳು, ಭಾವಮೈದುನರು ಭಾನುವಾರ ಬೆಳಿಗ್ಗೆ ಹಳೆಯ ಅಂಗಿ ತೊಟ್ಟು ಬಂದಿಳಿಯುತ್ತಾರೆ. ಅವಲಕ್ಕಿ, ಚಹಾ, ತಮಾಷೆಗಳ ನಡುವೆ ಸಂಜೆಯ ಹೊತ್ತಿಗೆ ಎರಡು ಕೋಣೆ ಬೆಳ್ಳಗಾಗಿರುತ್ತವೆ. ನಾಟಿಗೆ, ಅಡಿಕೆ ಸುಲಿಯುವುದಕ್ಕೆ, ಮಾಡು ಹೊದಿಸುವುದಕ್ಕೆ ಇದ್ದ ಮುಯ್ಯಾಳಿನ ಪದ್ಧತಿ ಬಹುತೇಕ ಅಳಿದ ಮೇಲೂ ಉಳಿದುಕೊಂಡಿರುವ ಅದರ ಕೊನೆಯ ಕೊಂಡಿಗಳಲ್ಲಿ ಇದೂ ಒಂದು. ಹಣದ ಲೆಕ್ಕಕ್ಕೆ ಸಿಗದ ಈ ಸ್ನೇಹವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ.

ಹಗುರವಾಗಿ ಕಾಣುತ್ತಿರುವುದು ಆ ಸ್ನೇಹಿತರ ಶ್ವಾಸಕೋಶಗಳನ್ನು.

ಬಿಟ್ಟಿಯಾಗಿ ದುಡಿಯಲು ಬಂದವರ ಕೈಗೆ ಮನೆಯೊಡೆಯ ಕೊಡುವುದೇನು? ಪುಟ್ಟಿ, ಪ್ರೈಮರ್, ಪ್ಲಾಸ್ಟಿಕ್ ಎಮಲ್ಷನ್. ಬಾಗಿಲು ಕಿಟಕಿಗಳಿಗೆ ಎಣ್ಣೆಯ ಎನಾಮಲ್. ಜೊತೆಗೆ ಒಂದು ಬಾಟಲಿ ಥಿನ್ನರ್. ಮೂಗಿಗೆ ಕಟ್ಟಲು ಏನೂ ಇಲ್ಲ, ಹೆಚ್ಚೆಂದರೆ ಒಂದು ಟವೆಲ್ಲು. ಬಣ್ಣ ಮೆತ್ತಿದ ಕೈಯನ್ನು ಥಿನ್ನರಿನಲ್ಲಿ ತೊಳೆದು ಅದೇ ಕೈಯಲ್ಲಿ ಅವಲಕ್ಕಿ ತಿನ್ನುತ್ತಾರೆ. ತಲೆನೋವು ಬಂದರೆ ಬಿಸಿಲಿನದೆಂದು ತಿಳಿಯುತ್ತಾರೆ.

ಅದಕ್ಕಿಂತಲೂ ಘೋರವಾದುದು ಮತ್ತೊಂದಿದೆ. ಮಲೆನಾಡಿನ ಹೊಸ ಮನೆ ಪೂರ್ತಿ ಹೊಸದಾಗಿರುವುದು ಅಪರೂಪ. ಅಜ್ಜನ ಮನೆ ಕಳಚಿದಾಗ ಸಿಕ್ಕ ಬಾಗಿಲು, ಕಿಟಕಿ, ಕಂಬಗಳು ಹೊಸ ಗೋಡೆಯನ್ನು ಸೇರುತ್ತವೆ. ಮರ ಉಳಿಸುವ ಈ ವಿವೇಕ ಮೆಚ್ಚತಕ್ಕದ್ದೇ. ಆದರೆ ಆ ಮರದ ಮೇಲೆ ನಲವತ್ತು ಐವತ್ತು ವರ್ಷಗಳಿಂದ ಪದರ ಪದರವಾಗಿ ಕೂತ ಎನಾಮಲ್ ಇರುತ್ತದೆ. ಗೆಳೆಯರು ಜಗುಲಿಯಲ್ಲಿ ಕುಳಿತು ಉಪ್ಪುಕಾಗದದಿಂದ ಅದನ್ನು ತಿಕ್ಕುತ್ತಾರೆ. ಹಳದಿ, ಕೆಂಪು, ಹಸಿರು ಪುಡಿ ನೆಲದ ತುಂಬ ಹರಡುತ್ತದೆ. ಆ ಪುಡಿಯಲ್ಲಿ ಸೀಸವಿರುವ ಸಂಭವ ಬಹಳ ಹೆಚ್ಚು. ಹಳದಿ, ಕಿತ್ತಳೆ ಛಾಯೆಗಳಿಗೆ ಸೀಸದ ಕ್ರೋಮೇಟ್ ಬಳಸುವುದು ಬಣ್ಣದ ಕಾರ್ಖಾನೆಗಳ ಹಳೆಯ ರೂಢಿ. ಎಣ್ಣೆಬಣ್ಣ ಬೇಗ ಒಣಗಲೆಂದು ಸೇರಿಸುತ್ತಿದ್ದ ವಸ್ತುವಿನಲ್ಲಿಯೂ ಸೀಸವೇ. ಮರುದಿನ ಅದೇ ನೆಲದ ಮೇಲೆ ಮನೆಯ ಕೂಸು ಅಂಬೆಗಾಲಿಡುತ್ತದೆ, ಕೈಯನ್ನು ಬಾಯಿಗಿಡುತ್ತದೆ. ಮಗುವಿನ ಮಿದುಳಿಗೆ, ನರಮಂಡಲಕ್ಕೆ ಸೀಸ ಮಾಡುವ ಹಾನಿ ಮರಳಿ ಸರಿಯಾಗುವಂಥದ್ದಲ್ಲ. ಇಷ್ಟು ಪ್ರಮಾಣದವರೆಗೆ ಸೀಸ ನಿರಪಾಯಕಾರಿ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ.

ಇದೇನು ನಿನ್ನೆ ಮೊನ್ನೆ ತಿಳಿದ ಸಂಗತಿಯೇ? ಕಟ್ಟಡಗಳ ಒಳಭಾಗಕ್ಕೆ ಬಿಳಿಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗೀಕರಿಸಿದ್ದು 1921ರಲ್ಲಿ. ಅಮೆರಿಕ ತನ್ನ ಮನೆಗಳಿಂದ ಸೀಸದ ಬಣ್ಣವನ್ನು ಹೊರಹಾಕಿದ್ದು 1978ರಲ್ಲಿ. ನಮ್ಮಲ್ಲಿ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ಪರೀಕ್ಷೆ ನಡೆಸಿದಾಗ, ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂತು. ಆಗ ಪೆಟ್ರೋಲಿನ ಸೀಸವೂ ಅದರಲ್ಲಿ ಪಾಲುದಾರನಾಗಿತ್ತು, ನಿಜ. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು. ಬಣ್ಣದ ಡಬ್ಬಿಯಿಂದ ಅದನ್ನು ತೆಗೆಯಲು ಕಡ್ಡಾಯ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ: ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದು, ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕತಕ್ಕದ್ದು. ಅಲ್ಲಿಯವರೆಗೂ ಮಿತಿ ಪಾಲಿಸುವುದು ಕಂಪನಿಗಳ ಮರ್ಜಿಗೆ ಬಿಟ್ಟದ್ದಾಗಿತ್ತು. ನಿಯಮ ಬಂದ ನಂತರವೂ ಮಿತಿ ಮೀರಿದ ಬಣ್ಣಗಳು ಮಾರುಕಟ್ಟೆಯಲ್ಲಿರುವುದನ್ನು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಪರೀಕ್ಷಿಸಿ ತೋರಿಸಿದೆ. ಪೇಟೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಬ್ಬಿಯನ್ನು ಹಳ್ಳಿಯವನು ಕೊಂಡಾಗ ಆ ಸಣ್ಣ ಅಕ್ಷರಗಳನ್ನು ಓದುವವರು ಯಾರು?

ಸೀಸವೇ ಇಲ್ಲದ ಪ್ಲಾಸ್ಟಿಕ್ ಬಣ್ಣವಾದರೆ ಆಯಿತಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಬಯಲುಸೀಮೆಯ ಒಣ ಗೋಡೆಗೆ ಆ ಮಾತು ಒಪ್ಪೀತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜಂಬಿಟ್ಟಿಗೆಯ ಗೋಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು ಹೀರುತ್ತದೆ, ಆಮೇಲೆ ನಿಧಾನವಾಗಿ ಉಸಿರು ಬಿಡುತ್ತದೆ. ಅದರ ಮೈಗೆ ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವ ಹೋಗುವುದೆಲ್ಲಿಗೆ? ಎರಡನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆ ಏಳುತ್ತದೆ, ಹಪ್ಪಳದಂತೆ ಕಳಚುತ್ತದೆ, ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಹತ್ತು ವರ್ಷದ ಗ್ಯಾರಂಟಿ ಜಾಹೀರಾತಿನಲ್ಲಿ ಉಳಿಯುತ್ತದೆ. ಕಳಚಿದ ಚೂರುಗಳೂ ಖಾಲಿ ಡಬ್ಬಿಗಳೂ ಹಿತ್ತಿಲ ಹಳ್ಳವನ್ನು ಸೇರುತ್ತವೆ.

ಸುಣ್ಣವಾದರೋ ಗೋಡೆಯ ಉಸಿರು ಕಟ್ಟುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗೋಡೆಯ ಮೇಲೆ ಮತ್ತೆ ಸುಣ್ಣಕಲ್ಲಾಗುತ್ತದೆ; ಅದರ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಶೇಡಿ, ಕೆಮ್ಮಣ್ಣುಗಳನ್ನು ಬಲ್ಲ ನಾಡು ಇದು. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯನ್ನು ಪುಂಡಿ ನಾರಿನ ಕುಂಚದಲ್ಲಿ ಅದ್ದಿ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆದರು. ಇಂದು ಅದೇ ಚಿತ್ತಾರಕ್ಕೆ ಚೌಕಟ್ಟು ಹಾಕಿ ನಗರದ ಹೋಟೆಲುಗಳಲ್ಲಿ ತೂಗುಹಾಕುತ್ತಾರೆ. ಅದು ಹುಟ್ಟಿದ ಮನೆಯ ಗೋಡೆಗೆ ಮಾತ್ರ ಎಮಲ್ಷನ್ನೇ ಆಗಬೇಕು! 2021ರ ಜನವರಿಯಲ್ಲಿ ಖಾದಿ ಆಯೋಗದ ಸಗಣಿಯ ಬಣ್ಣವನ್ನು ಕೇಂದ್ರ ಸಚಿವರೇ ಬಿಡುಗಡೆ ಮಾಡಿದರು. ಅಜ್ಜಿ ದಿನವೂ ನೆಲಕ್ಕೆ ಸಾರಿಸಿದಾಗ ನಾಚಿಕೆಯ ವಸ್ತುವಾಗಿದ್ದ ಸಗಣಿ ಡಬ್ಬಿಯಲ್ಲಿ ಬಂದಾಗ ಗೌರವಕ್ಕೆ ಪಾತ್ರವಾಯಿತು. ಇರಲಿ, ಬಂದದ್ದು ಒಳ್ಳೆಯದೇ.

ಸುಣ್ಣಕ್ಕೆ ದೋಷವಿಲ್ಲವೆಂದಲ್ಲ. ಒರಗಿದರೆ ಅಂಗಿಗೆ ಹತ್ತುತ್ತದೆ. ಸ್ವಲ್ಪ ಅಂಟೋ ಗಂಜಿಯೋ ಬೆರೆಸಿ ತೆಳ್ಳಗೆ ಎರಡು ಮೂರು ಸಲ ಬಳಿದರೆ ಅದು ಕಡಿಮೆಯಾಗುತ್ತದೆ. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಕನ್ನಡಕ, ಕೈಗವಸು ಇಲ್ಲಿಯೂ ಬೇಕು. ಚಿಪ್ಪಿನ ಸುಣ್ಣವೇ ಆಗಬೇಕೆಂದು ಎಲ್ಲರೂ ಹಟ ಹಿಡಿದರೆ ಅಘನಾಶಿನಿಯಂಥ ಅಳಿವೆಗಳ ಚಿಪ್ಪಿಗೆ ಕುತ್ತು, ಕಲ್ಲುಸುಣ್ಣ ಸಾಕು. ಪ್ರತಿವರ್ಷ ಬಳಿಯಬೇಕೆಂಬ ದೂರು ಮಾತ್ರ ವಿಚಿತ್ರ. ಮಳೆಗಾಲ ಮುಗಿದು ದೀಪಾವಳಿ ಬರುವ ಮುನ್ನ ಮನೆಮಂದಿ, ನೆರೆಯವರು ಸೇರಿ ಸುಣ್ಣ ಬಳಿಯುತ್ತಿದ್ದುದು ಶ್ರಮವಷ್ಟೇ ಆಗಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಬಣ್ಣ ಕಾಣುವ ಮನೆಗೆ ಗೆಳೆಯರೂ ಹತ್ತು ವರ್ಷಕ್ಕೊಮ್ಮೆಯೇ ಬರುತ್ತಾರೆ.

ಈ ಮಾತು ಹೊಸ ಮನೆಯವರಿಗೇ ವಿಶೇಷವಾಗಿ ಸಲ್ಲುವುದಕ್ಕೆ ಕಾರಣವಿದೆ. ಬರಿಯ ಗಾರೆಯ ಮೇಲೆ ಸುಣ್ಣ ಕಚ್ಚಿಕೊಳ್ಳುತ್ತದೆ. ಒಮ್ಮೆ ಪ್ಲಾಸ್ಟಿಕ್ ಬಣ್ಣ ಕೂತ ಗೋಡೆಯ ಮೇಲೆ ನಿಲ್ಲುವುದಿಲ್ಲ. ಮೊದಲ ಬಳಿತವೇ ಮುಂದಿನ ಎಲ್ಲ ಬಳಿತಗಳನ್ನು ನಿರ್ಧರಿಸುತ್ತದೆ. ಹಳೆಯ ಬಾಗಿಲುಗಳ ಬಣ್ಣವನ್ನು ಒಣದಾಗಿ ತಿಕ್ಕಬಾರದು, ಸುಡಲೂಬಾರದು. ತಿಕ್ಕಲೇಬೇಕಾದರೆ ಮನೆಯ ಹೊರಗೆ, ಮಕ್ಕಳನ್ನೂ ಬಸುರಿಯರನ್ನೂ ದೂರವಿಟ್ಟು, ನೀರು ಹಾಕಿ ಒದ್ದೆಯಾಗಿ, ಧೂಳು ತಡೆಯುವ ಮಾಸ್ಕ್ ಧರಿಸಿ ತಿಕ್ಕಬೇಕು. ಪುಡಿಯನ್ನು ಒದ್ದೆ ಬಟ್ಟೆಯಿಂದ ಬಳಿದು ಕಟ್ಟಿಡಬೇಕು, ಹಳ್ಳಕ್ಕೆ ಬಿಡಬಾರದು. ಇನ್ನು ಗೋಡೆಯ ಸುಣ್ಣ. ಅದು ತೊಟ್ಟಿಯಲ್ಲಿ ನೆನೆದಷ್ಟೂ ನಯವಾಗುತ್ತದೆ. ಆದ್ದರಿಂದ ಗೃಹಪ್ರವೇಶದ ಕರೆಯೋಲೆ ಅಚ್ಚಿಗೆ ಹೋಗುವ ದಿನವೇ ಸುಣ್ಣ ನೀರಿಗೆ ಬೀಳಬೇಕು.