ಕಲ್ಪನಾ ಸೀರಿ ಬೇಕು, ಕಾವೇರಿ ಬ್ಯಾಡೇನು?

ಅಕ್ಕಾರ, ಚಿಗವ್ವಾರ, ಓಣಿ ಗೆಳತ್ಯಾರ, ಈ ಸಲ ನಿಮ್ಮ ಜೋಡಿ ಸ್ವಲ್ಪ ಜಗಳ ಐತಿ. ಬೇಜಾರ ಮಾಡ್ಕೋಬ್ಯಾಡ್ರಿ.

ನಮ್ಮ ಚಿತ್ತವಾಡ್ಗಿಯೊಳಗ ದೀಪಾವಳಿಗೆ ಯಾರ ಮನಿ ಅಟ್ಟ ಝಾಡಿಸಿದ್ರೂ ಒಂದು ಕಟ್ಟು ಹಳೇ ಪತ್ರಿಕಿ ಸಿಗತಾವ. ಅದರಾಗ ಮಿನುಗುತಾರೆ ಕಲ್ಪನಾ ಫೋಟೋ ಬಂತಂದ್ರ ಕಸಬರಿಗಿ ಮೂಲ್ಯಾಗ ನಿಲ್ತೈತಿ. ಆಕಿ ಸೀರಿ ನೋಡು, ಉದ್ದ ತೋಳಿನ ಜಂಪರ್ ನೋಡು, ಬಳಿ ಹೆಂಗ ಮ್ಯಾಚಿಂಗ್ ಅದಾವ ನೋಡು. ಆ ಕಾಲದಾಗ ನಮ್ಮ ಅತ್ತಿಯಾರು ಇದನ್ನ ನೋಡೇ ಟೇಲರಿಗೆ ಅಳತಿ ಕೊಟ್ರು. ಈಗ ಹುಡುಗ್ಯಾರು ಕಾಲೇಜಿನ ರೆಟ್ರೋ ಡೇಕ್ಕ ಅದನ್ನೇ ಮೊಬೈಲಿನ್ಯಾಗ ಹಿಡಕೊಂಡು ಹೋಗ್ತಾರ. ಇದು ತಪ್ಪಂತ ನಾನು ಅನ್ನಲ್ಲ. ಚಂದ ಕಂಡಿದ್ದನ್ನ ಉಟ್ಟರ ಯಾರಪ್ಪನ ಗಂಟೇನು ಹೋಗ್ತೈತಿ?

ನನ್ನ ತಕರಾರು ಬ್ಯಾರೆ. ಆ ಸೀರಿ ಉಟ್ಟಾಕಿ ಬರೇ ಕಲ್ಪನಾ ಅಲ್ಲ, ಕಾವೇರಿ. ಪುಟ್ಟಣ್ಣ ಕಣಗಾಲರ 1971ರ ‘ಶರಪಂಜರ’ದ ಕಾವೇರಿ. ಪುಟ್ಟಣ್ಣ ಬಣ್ಣ, ಬಟ್ಟಿ, ಬೆಟ್ಟ ಯಾವುದನ್ನೂ ಬರೇ ಚಂದಕ್ಕಂತ ಇಡೂ ಮನುಷ್ಯ ಅಲ್ಲ. ‘ನಾಗರಹಾವು’ದಾಗ ಚಿತ್ರದುರ್ಗದ ಕಲ್ಲನ್ನೂ ಕಥಿಯೊಳಗಿನ ಪಾತ್ರ ಮಾಡಿದ್ರು. ಅಂಥಾವರು ಇಷ್ಟು ಚಂದ ಉಟ್ಟು ತೊಟ್ಟು ನಗೂ ಹೆಣ್ಣುಮಗಳನ್ನ ತೋರ್ಸಿ, ಬಾಣಂತನದಾಗ ಆಕಿ ಮನಸ್ಸು ಒಡದಿದ್ದನ್ನ ತೋರ್ಸಿದ್ರು. ಆಸ್ಪತ್ರಿಯಿಂದ ಗುಣ ಆಗಿ ಬಂದ್ಲು. ಮನಿಯಾವರು, ಓಣಿಯಾವರು ಗುಣ ಆಗಾಕ ಬಿಡಲಿಲ್ಲ. ನಕ್ಕರೂ ಹುಚ್ಚಿ, ಅತ್ತರೂ ಹುಚ್ಚಿ.

ಕಾದಂಬರಿ ಬರೆದ ತ್ರಿವೇಣಿಯವರು ಸಿನಿಮಾ ನೋಡಾಕ ಇರಲೇ ಇಲ್ಲ. 1963ರಾಗ, ಹೆತ್ತ ಕೆಲವೇ ದಿನದಾಗ ತೀರಿಕೊಂಡ್ರು. ಇಷ್ಟು ವರ್ಷ ಆದ ಮ್ಯಾಲೆ ನಾವು ಉಳಿಸಿಕೊಂಡಿದ್ದು ಏನು? ಜಂಪರಿನ ತೋಳು!

ಹಂತಾದ್ದು ನಮ್ಮ ಕಡಿ ಇಲ್ಲ ಅಂತೀರಿ. ಐತ್ರೀ. ಬಾಣಂತಿ ಕಿವಿಗೆ ಹತ್ತಿ ಇಡ್ತೀವಿ, ತಲಿಗೆ ಬಟ್ಟಿ ಕಟ್ತೀವಿ, ಅಂಟಿನುಂಡಿ ತಿನ್ನಸ್ತೀವಿ, ಕೆಂಡ ಹಾಕಿ ಕಾಸ್ತೀವಿ. ಆದ್ರ “ಮನಸ್ಸಿಗೆ ಹೆಂಗ ಐತವ್ವಾ?” ಅಂತ ಯಾರು ಕೇಳ್ತೀವಿ? ಒಂದು ವಾರ ಕಣ್ಣೀರು ಬರೂದು ಬಾಳ ಮಂದಿಗೆ ಆಗ್ತೈತಿ, ತಾನಾ ಹೋಗ್ತೈತಿ. ಎರಡು ವಾರ ದಾಟಿದ್ರೂ ಅಳು ನಿಲ್ಲದಿದ್ರ, ಕೂಸಿನ ಮ್ಯಾಲೆ ಮನಸ್ಸೇ ಬರದಿದ್ರ, ಅದು ನಾಟಕ ಅಲ್ಲ, ಜಡ್ಡು. ರಾತ್ರಿ ಹಗಲು ನಿದ್ದಿ ಇಲ್ಲ, ಯಾರೋ ಮಾತಾಡಿದ್ದು ಕೇಳಸ್ತೈತಿ ಅಂದ್ರಂತೂ ಒಂದು ದಿನ ಕಾಯಬಾರದು, ಕೂಸನ್ನೂ ಆಕಿನ್ನೂ ಒಬ್ಬರ ಬಿಡಬಾರದು. ನಾವೇನಂತೀವಿ? “ಗಾಳಿ ಸೋಕೈತಿ, ಹೊರಗ ಹೇಳಬ್ಯಾಡ್ರಿ, ತಂಗಿ ಲಗ್ನ ಐತಿ.” ಹುಲಿಗೆಮ್ಮಗ ಹರಕಿ ಹೊರ್ರಿ, ಬ್ಯಾಡ ಅನ್ನಲ್ಲ. ಜೋಡೀಲೆ ಡಾಕ್ಟರಿಗೂ ತೋರಸ್ರಿ.

ಇದರಾಗ ನಾಚಿಕಿ ಪಡಾಕ ನಮಗ ಹಕ್ಕೇ ಇಲ್ಲ. 1980ರ ದಶಕದಾಗ ನಿಮ್ಹಾನ್ಸ್‌ನವರು ಊರ ದವಾಖಾನಿಯೊಳಗೇ ಮನಸ್ಸಿನ ಜಡ್ಡಿಗೆ ಔಷಧ ಕೊಡಬಹುದು ಅಂತ ಮಾಡಿ ತೋರ್ಸಿದ್ದು ನಮ್ಮ ಬಳ್ಳಾರಿ ಜಿಲ್ಲಾದಾಗ. ಹೊಸಪೇಟೆ ಆಗ ಅದರಾಗೇ ಇತ್ತು. 1996ರಾಗ ದೇಶಕ್ಕೆಲ್ಲ ಸುರು ಆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಬಳ್ಳಾರಿನೇ ಮಾದರಿ. ದೇಶಕ್ಕ ದಾರಿ ತೋರ್ಸಿದ ಜಿಲ್ಲಾದಾಗ ನಾವು ಸೊಸಿನ್ನ ಕೋಣ್ಯಾಗ ಮುಚ್ಚಿ ಇಡ್ತೀವಿ. ಈಗಂತೂ 14416ಕ್ಕ ಫೋನ್ ಮಾಡಿದ್ರ ಸಾಕು, ಟೆಲಿ ಮಾನಸ್, ರೊಕ್ಕ ಇಲ್ಲ, ಕನ್ನಡದಾಗೇ ಮಾತಾಡ್ತಾರ.

ಅದಕ್ಕ ಹೇಳೂದು ಇಷ್ಟ. ಪತ್ರಿಕಿ ರದ್ದಿಗೆ ಹಾಕಬ್ಯಾಡ್ರಿ, ಸೀರಿನೂ ಉಡ್ರಿ. ಹುಡುಗ್ಯಾರು ಆ ಫೋಟೋ ನೋಡಿ “ಯಾರು ಈಕಿ?” ಅಂತ ಕೇಳಿದ್ರ ಸೀರಿ ರೇಟ್ ಹೇಳಿ ಬಿಡಬ್ಯಾಡ್ರಿ, ಕಥಿ ಹೇಳ್ರಿ. ಆಸ್ಪತ್ರಿಯಿಂದ ಗುಣ ಆಗಿ ಬಂದ ಹೆಣ್ಣುಮಗಳು ನಮ್ಮ ಓಣ್ಯಾಗ ಇದ್ರ, ಹೋಗಿ ಚಾ ಕುಡದು ಬರ್ರಿ. ಆಕಿ ನಕ್ಕರ ನೀವೂ ನಗ್ರಿ.