ರಾಯ್ ಹೇನ್ಸ್ ‘ರಿಸೋರ್ಸ್’ ಅಲ್ಲ

“ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದರಂತೆ!”

ಪ್ಯಾಟ್ ಮೆಥೆನಿಯ ‘ಕ್ವೆಶ್ಚನ್ ಅಂಡ್ ಆನ್ಸರ್’ ಆಲ್ಬಮ್ಮಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ನನಗೆ ಈ ಹೊಗಳಿಕೆ ಕೇಳಿದರೆ ಮೈ ಉರಿಯುತ್ತದೆ. ಸುಳ್ಳು ಅಂತಲ್ಲ. 1989ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಗಿಟಾರಿನ ಮೆಥೆನಿ, ಬಾಸಿನ ಡೇವ್ ಹಾಲೆಂಡ್, ಡ್ರಮ್ಸಿನ ರಾಯ್ ಹೇನ್ಸ್ ಮೂವರೂ ಕೂತು ಒಂದು ದಿನದಲ್ಲಿ ಒಂಬತ್ತು ಕೃತಿಗಳನ್ನು ನುಡಿಸಿ ಎದ್ದದ್ದು ನಿಜವೇ. ಆದರೆ ಅದನ್ನು ಬೇಗ ಮುಗಿಸಿದ ಕೆಲಸ ಅಂತ ಮೆಚ್ಚುವುದು, ಮದುವೆ ಊಟವನ್ನು ‘ಇಪ್ಪತ್ತೇ ನಿಮಿಷದಲ್ಲಿ ಬಡಿಸಿದರು’ ಅಂತ ಮೆಚ್ಚಿದ ಹಾಗೆ.

ಈ ಹೊಗಳಿಕೆ ಹೆಚ್ಚಾಗಿ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಅಲ್ಲೇ ಸಂಬಳ ತೆಗೆದುಕೊಳ್ಳುವವನು. ಐಟಿ ಕಂಪನಿಗಳ ಲೀಡರ್‌ಶಿಪ್ ತರಬೇತಿಗಳಿಗೆ ಜಾಜ್ ಅಂದರೆ ಬಲು ಪ್ರೀತಿ. ಇಲ್ಲಿ ಪುಣೆಯಲ್ಲಿ ನಾನು ಕೂತ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಜಾಜ್ ಬ್ಯಾಂಡಿನ ಚಿತ್ರ. ಇವರ ಕೈಯಲ್ಲಿ ನೊಟೇಷನ್ ಇಲ್ಲ, ಕಂಡಕ್ಟರ್ ಇಲ್ಲ, ಆದರೂ ಹೇಗೆ ಡೆಲಿವರ್ ಮಾಡುತ್ತಾರೆ ನೋಡಿ, ಎಂದರು ಟ್ರೇನರ್. ಮುಂದಿನ ಸ್ಲೈಡಿನಲ್ಲಿ ಎರಡು ವಾರದ ಸ್ಪ್ರಿಂಟ್. ಅಂದರೆ ತಯಾರಿಗೆ ಸಮಯ ಕೇಳಬೇಡಿ, ಜನ ಬದಲಾದರೂ ಗೊಣಗಬೇಡಿ, ಸ್ಫೂರ್ತಿಯಿಂದ ಕೆಲಸ ಮಾಡಿ! ಜಾಜ್ ಪಾಪ, ಪಕ್ಕದ ಮನೆಯ ಜಾಣ ಹುಡುಗನ ಹಾಗೆ ನಮ್ಮನ್ನು ಬಯ್ಯಲಿಕ್ಕೆ ಒದಗುತ್ತಿದೆ.

ಆ ದಿನ ಸ್ಟುಡಿಯೋಕ್ಕೆ ಬಂದವರು ಯಾರು? ರಾಯ್ ಹೇನ್ಸ್‌ಗೆ ಆಗ 64 ವರ್ಷ. 1940ರ ದಶಕದಲ್ಲಿ ಲೆಸ್ಟರ್ ಯಂಗ್ ಜೊತೆ, ಆಮೇಲೆ ಚಾರ್ಲಿ ಪಾರ್ಕರ್ ಜೊತೆ, 50ರ ದಶಕದಲ್ಲಿ ಐದು ವರ್ಷ ಗಾಯಕಿ ಸಾರಾ ವಾನ್ ಹಿಂದೆ, ಥೆಲೋನಿಯಸ್ ಮಾಂಕ್ ಜೊತೆ, ಎಲ್ವಿನ್ ಜೋನ್ಸ್ ಇಲ್ಲದಾಗ ಕೋಲ್ಟ್ರೇನ್ ಜೊತೆ. ಜಾಜ್ ಚರಿತ್ರೆಯ ಪಾಠವನ್ನು ಬೇರೆಯವರು ಓದುತ್ತಾರೆ, ಈತ ಅದರಲ್ಲಿ ಕೂತು ತಾಳ ಹಾಕಿದವನು. ಹಾಲೆಂಡ್‌ಗೆ 43. ಇಂಗ್ಲೆಂಡಿನ ಈ ಹುಡುಗನನ್ನು 1968ರಲ್ಲಿ ಲಂಡನ್ನಿನ ಕ್ಲಬ್ಬಿನಲ್ಲಿ ಕೇಳಿ ಮೈಲ್ಸ್ ಡೇವಿಸ್ ತನ್ನ ಬ್ಯಾಂಡಿಗೆ ಕರೆಸಿಕೊಂಡಿದ್ದ. ಪಿಯಾನೋ ಇಲ್ಲದ ಗಿಟಾರ್ ಟ್ರಯೋ ಅವನಿಗೆ ಹೊಸದಲ್ಲ; ‘ಗೇಟ್‌ವೇ’ಯಲ್ಲಿ ಜಾನ್ ಅಬರ್‌ಕ್ರಾಂಬಿ ಜೊತೆ 1975ರಲ್ಲೇ ಅದನ್ನು ಮಾಡಿದ್ದ. ಮೆಥೆನಿ ಮೂವರಲ್ಲಿ ಕಿರಿಯ, 35. ಅವನ ಮೊದಲ ಆಲ್ಬಂ ‘ಬ್ರೈಟ್ ಸೈಜ್ ಲೈಫ್’ ಕೂಡ ಟ್ರಯೋ. ಮೇಲಾಗಿ ಅವನು ಬೆಳೆದದ್ದು ಗ್ಯಾರಿ ಬರ್ಟನ್ ಬ್ಯಾಂಡಿನಲ್ಲಿ. 1960ರ ದಶಕದಲ್ಲಿ ಅದೇ ಬರ್ಟನ್ ಬ್ಯಾಂಡಿನ ಡ್ರಮ್ಮರ್ ಇದೇ ರಾಯ್ ಹೇನ್ಸ್. ಕೆಲಸ ಒಂದು ದಿನದ್ದು ಅನ್ನುವವರು ಈ ವರ್ಷಗಳನ್ನು ಯಾವ ಟೈಮ್‌ಶೀಟಿನಲ್ಲಿ ತುಂಬಿಸುತ್ತಾರೆ?

ಇನ್ನು ಪ್ಲಾನ್ ಇಲ್ಲ ಎಂಬ ಮಾತು. ಆಲ್ಬಮ್ಮಿನ ಮೊದಲ ಕೃತಿ ‘ಸೋಲಾರ್’ ಹನ್ನೆರಡು ಬಾರ್‌ಗಳ ಒಂದು ಆವರ್ತ. (ಮೈಲ್ಸ್ ಹೆಸರಿನಲ್ಲಿದೆ, ಅವನ ಗೋರಿಕಲ್ಲಿನ ಮೇಲೆ ಅದರ ಸ್ವರಗಳನ್ನೂ ಕೆತ್ತಿದ್ದಾರೆ, ಆದರೆ ಚಕ್ ವೇಯ್ನ್ ಎಂಬ ಗಿಟಾರ್ ವಾದಕ 1946ರಲ್ಲೇ ಅದನ್ನು ಬೇರೆ ಹೆಸರಿನಲ್ಲಿ ನುಡಿಸಿದ್ದ ಧ್ವನಿಮುದ್ರಣ ಆಮೇಲೆ ಸಿಕ್ಕಿತು. ಕೋಡ್ ಕದಿಯುವುದು ನಮ್ಮ ಕಾಲದ ಆವಿಷ್ಕಾರವಲ್ಲ.) ‘ಆಲ್ ದ ಥಿಂಗ್ಸ್ ಯೂ ಆರ್’ 1939ರ ನಾಟಕದ ಹಾಡು, 36 ಬಾರ್, ಅಷ್ಟರಲ್ಲೇ ಐದು ಕಡೆ ತನ್ನ ಷಡ್ಜವನ್ನು ಬದಲಿಸುತ್ತದೆ. ತಂಬೂರಿ ಕೇಳಿ ಬೆಳೆದ ನಮಗೆ ಇದು ತಕ್ಷಣ ಅರ್ಥವಾಗುವುದಿಲ್ಲ: ನಮ್ಮಲ್ಲಿ ನೆಲ ನಿಂತಿರುತ್ತದೆ, ನಡೆಯುವವನು ನಡೆಯುತ್ತಾನೆ; ಅಲ್ಲಿ ನೆಲವೂ ಸರಿಯುತ್ತದೆ. ಆ ಸರಿಯುವ ನೆಲದ ನಕ್ಷೆ ಮೂವರ ತಲೆಯಲ್ಲೂ ಇರುತ್ತದೆ. ಅವರ ಕೈಯಲ್ಲಿ ಕಾಗದ ಕಾಣದೇ ಇದ್ದರೆ, ಕಾಗದದ ಅಗತ್ಯವನ್ನು ಎಂದೋ ದಾಟಿದ್ದಾರೆ ಎಂದರ್ಥ. ನಮ್ಮ ಸ್ಪ್ರಿಂಟುಗಳಲ್ಲಿ ಕಾಗದ ಕಾಣದಿರುವುದಕ್ಕೆ ಕಾರಣ ಬೇರೆ, ಅದನ್ನು ಬಿಡಿ.

ಹಾಗಾದರೆ ಆ ಕ್ಷಣದಲ್ಲಿ ಹುಟ್ಟಿದ್ದು ಏನೂ ಇಲ್ಲವೇ? ಖಂಡಿತ ಇದೆ, ಅದನ್ನು ಕೇಳಲಿಕ್ಕೇ ನಾನು ಹತ್ತಾರು ಸಲ ಈ ಆಲ್ಬಮ್ಮಿಗೆ ಹೋಗುವುದು. ಪಿಯಾನೋ ಇದ್ದರೆ ಕಾರ್ಡ್‌ಗಳನ್ನು ಅದು ತುಂಬಿಕೊಡುತ್ತದೆ, ಗಿಟಾರ್ ಹಾಯಾಗಿ ಹಾರಬಹುದು. ಇಲ್ಲಿ ಆ ಜಾಗ ಖಾಲಿ. ಮೆಥೆನಿ ಒಂದೊಂದೇ ಸ್ವರದ ಎಳೆ ಬಿಡುತ್ತಾನೆ, ಆ ಎಳೆಯಲ್ಲೇ ಕಾರ್ಡಿನ ಗುರುತು ಉಳಿಯಬೇಕು. ಹಾಲೆಂಡ್ ಬಾಸಿನಲ್ಲಿ ನೆಲ ಹಾಕುತ್ತ ಹಾಕುತ್ತಲೇ ಎರಡನೆಯ ಹಾಡುಗಾರನಾಗುತ್ತಾನೆ. ಹೇನ್ಸ್ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದಿಲ್ಲ. ಕಾಲವನ್ನು ಸಿಂಬಲ್ಲಿನ ಮೇಲೆ ತೇಲಿಬಿಟ್ಟು, ಸ್ನೇರ್ ಡ್ರಮ್ಮಿನಲ್ಲಿ ನಡುವೆ ಬಾಯಿ ಹಾಕುತ್ತಾನೆ. ಹೌದಾ, ನಿಜವಾ, ಹೀಗಿದ್ದರೆ? ಎಂದು ಕೆಣಕುವ ಹಿರಿಯರಿರುತ್ತಾರಲ್ಲ, ಹಾಗೆ. ಮೆಥೆನಿಯ ಮುಂದಿನ ಮಾತು ಅದಕ್ಕೆ ಉತ್ತರವಾಗಿ ಬಾಗುತ್ತದೆ. ಆಲ್ಬಮ್ಮಿನ ಹೆಸರಿನದೇ ಕೃತಿ, ಮೂರರ ಎಣಿಕೆಯದು, ಅದರಲ್ಲಿ ಈ ಬಾಗುವಿಕೆಯನ್ನು ಕಿವಿಯಿಂದ ಮುಟ್ಟಬಹುದು.

ಆ ಜಾಗದಲ್ಲಿ ಬೇರೆ ಒಬ್ಬ ಒಳ್ಳೆಯ ಡ್ರಮ್ಮರ್ ಇದ್ದಿದ್ದರೆ ಬೇರೆ ಒಳ್ಳೆಯ ಆಲ್ಬಂ ಆಗುತ್ತಿತ್ತು, ಇದಲ್ಲ. ‘ಒಬ್ಬ ಡ್ರಮ್ಸ್ ರಿಸೋರ್ಸ್, ಅನುಭವ ನಲವತ್ತು ವರ್ಷ’ ಎಂದು ಎಕ್ಸೆಲ್ಲಿನಲ್ಲಿ ಬರೆದು ತರಿಸಲು ಆಗುವುದಿಲ್ಲ. ಜಾಜಿನಿಂದ ಕಂಪನಿಗಳು ಏನಾದರೂ ಕಲಿಯಲೇಬೇಕಿದ್ದರೆ ಇದನ್ನು ಕಲಿಯಲಿ. ಈ ಸ್ಲೈಡ್ ಯಾವ ಟ್ರೇನರೂ ಹಾಕಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಪಕ್ಷವೂ ಇದೆ, ನಮ್ಮದೇ ಪಕ್ಷ. ಕನ್ನಡ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡಿಯುತ್ತ, “ಇದೆಲ್ಲ ನಮ್ಮ ಮನೋಧರ್ಮ ಸಂಗೀತದಲ್ಲಿ ಎಂದೋ ಇದೆ ಬಿಡಿ” ಎನ್ನುವವರು. ಇದೆ, ಯಾರು ಇಲ್ಲ ಅಂದರು? ಆದರೆ ‘ನಮ್ಮಲ್ಲಿ ಇದೆ’ ಎನ್ನುವುದನ್ನು ಕೇಳದೇ ಇರಲು ರಜಾಚೀಟಿ ಮಾಡಿಕೊಂಡರೆ ಹೇಗೆ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರು ಹಾಗೆ ಅನ್ನಲಿಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಕೂತು 1983ರಲ್ಲಿ ‘ಜ್ಯೋತಿ’ ಮಾಡಿದರು. ಮನೋಧರ್ಮ ಅಂದರೆ ಏನೆಂದು ನಮಗಿಂತ ಚೆನ್ನಾಗಿ ಗೊತ್ತಿದ್ದವರು ಅವರು. ಅದಕ್ಕೇ ಎದುರಿನವನ ಮಾತಿಗೂ ಕಿವಿ ಕೊಟ್ಟರು.

ಕೆಫೆಗಳಲ್ಲಿ ಜಾಜ್ ಹಾಕಿಕೊಂಡು ಲ್ಯಾಪ್‌ಟಾಪ್ ಕುಟ್ಟುವವರ ಬಗ್ಗೆ ಬರೆಯಹೋದರೆ ಇನ್ನೊಂದು ಲೇಖನವಾಗುತ್ತದೆ.

ರಾಯ್ ಹೇನ್ಸ್ 2024ರ ನವೆಂಬರಿನಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡ. ಈ ಆಲ್ಬಮ್ಮಿಗೆ ಬೇಕಾದದ್ದು ಒಂದು ಗಂಟೆ, ಚೂರು ಹೆಚ್ಚು. ಕೇಳುವುದಾದರೆ ಮೊದಲ ಸಲ ಗಿಟಾರನ್ನು ಬಿಟ್ಟುಬಿಡಿ, ‘ಸೋಲಾರ್’ನಲ್ಲಿ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಅದರಲ್ಲಿ ಬಾಸ್ ಕೇಳಿಸುವುದೇ ಇಲ್ಲ. ಇಬ್ಬರನ್ನು ಕೇಳಿ ಟ್ರಯೋ ಕೇಳಿದೆ ಅಂದುಕೊಳ್ಳುತ್ತೀರಿ.